ನಿಂತ ಹಕ್ಕಿಯನ್ನು ಹಾರಿಸಿದ ಕಥೆ

ನಮ್ಮ ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅವನ ಮನೆಯ ನಡುಮನೆ ಗೋಡೆಯ ಮೇಲೆ ಒಂದು ಫೋಟೊ ಇದೆ. ದೇವರ ಪಟ, ಸೊಸೈಟಿಯವರು ಕೊಟ್ಟ ಕ್ಯಾಲೆಂಡರು, ಮದುವೆಯ ಗ್ರೂಪ್ ಫೋಟೊ, ಇವುಗಳ ನಡುವೆ ಅದಕ್ಕೂ ಒಂದು ಜಾಗ. ಹುಣಿಸೆಮರದ ನೆತ್ತಿಯಲ್ಲಿ ಪುಳ್ಳೆಕಡ್ಡಿಗಳನ್ನು ಒಟ್ಟಿದಂಥ ಒಂದು ಗೂಡು. ಗೂಡಿನೊಳಗೆ ಮೂರು ಮರಿಗಳು. ಅವುಗಳ ಮೇಲೆ ರೆಕ್ಕೆಗಳನ್ನು ಅರ್ಧ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತಿರುವ ಒಂದು ಬಣ್ಣದ ಕೊಕ್ಕರೆ. ಬಣ್ಣ ಈಗ ಸ್ವಲ್ಪ ಹಳದಿಗೆ ತಿರುಗಿದೆ. ಒಂದು ಮೂಲೆಯಲ್ಲಿ ತೇವ ತಗುಲಿದ ಕಲೆಯಿದೆ. ಆದರೂ ಮನೆಗೆ ಬಂದವರು ಒಂದು ಗಳಿಗೆ ಅದರ ಮುಂದೆ ನಿಂತೇ ಮುಂದೆ ಹೋಗುತ್ತಾರೆ.

ಅಣ್ಣ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ. ಯಾರಿಂದಲೋ ಹಳೆಯ ಕ್ಯಾಮೆರಾ ಒಂದನ್ನು ಕಂತಿನ ಮೇಲೆ ಕೊಂಡಿದ್ದ. ಆಗೆಲ್ಲ ಒಂದು ರೀಲಿಗೆ 36 ಫೋಟೊ. ರೀಲಿಗೆ ಬೇರೆ ದುಡ್ಡು, ತೊಳೆಸುವುದಕ್ಕೆ ಬೇರೆ, ಪ್ರಿಂಟಿಗೆ ಬೇರೆ. ನಮ್ಮ ಅತ್ತಿಗೆ ಪ್ರತಿ ಸಲವೂ, “ಆ ದುಡ್ಡಿಗೆ ಒಂದು ಕುಕ್ಕರ್ ಬರ್ತಿತ್ತು” ಎನ್ನುತ್ತಿದ್ದರು. ಅಣ್ಣ ನಗುತ್ತಿದ್ದ. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಏರಿ ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಇರುವ ಕೊಕ್ಕರೆ ಬೆಳ್ಳೂರಿಗೆ ಹೊರಡುತ್ತಿದ್ದ. ಊರ ನಡುವಿನ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವ ಊರು ಅದು. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ತಿಳಿಯುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆಗೆ ಬಹಳ ಮುಂಚಿನಿಂದಲೂ ಊರಿನವರು ತಮ್ಮ ಪಾಡಿಗೆ ತಾವು ಕಾಪಾಡಿಕೊಂಡು ಬಂದಿದ್ದರು. ಗೋಡೆಯ ಮೇಲಿನ ಆ ಫೋಟೊ ಅಲ್ಲಿಯದೇ.

ಈ ಸಲ ಅಣ್ಣನ ತಿಥಿಗೆ ನಾವೆಲ್ಲ ಸೇರಿದ್ದೆವು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಅಣ್ಣನ ಮಗ ಬಂದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಒಳ್ಳೆಯವನು, ಮಾತು ಕಡಿಮೆ. “ಎಲ್ಲಾ ಒಂದ್ನಿಮಿಷ ಟಿ.ವಿ. ಕಡೆ ನೋಡಿ” ಎಂದು ತನ್ನ ಮೊಬೈಲನ್ನು ಅದಕ್ಕೆ ಜೋಡಿಸಿದ. ಪರದೆಯ ಮೇಲೆ ಅಣ್ಣನ ಅದೇ ಫೋಟೊ ಬಂತು. ಹಳದಿ ಬಣ್ಣ ಹೋಗಿತ್ತು, ಕಲೆ ಹೋಗಿತ್ತು. ನೋಡುತ್ತಿದ್ದ ಹಾಗೆಯೇ ಹುಣಿಸೆ ಎಲೆಗಳು ಅಲುಗಿದವು. ಕೊಕ್ಕರೆ ಕತ್ತು ಎತ್ತಿತು, ನಮ್ಮ ಕಡೆ ತಿರುಗಿತು, ಎಂಥದೋ ಇಂಪಾದ ದನಿಯಲ್ಲಿ ಎರಡು ಸಲ ಕೂಗಿತು, ರೆಕ್ಕೆಗಳನ್ನು ಪಟಪಟನೆ ಬಡಿದು ಹಾರಿಹೋಯಿತು. ಹಿಂದೆ ಆಕಾಶವೆಲ್ಲ ಹೊಂಬಣ್ಣ. ಎಲ್ಲ ಸೇರಿ ಎಂಟು ಸೆಕೆಂಡು.

ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು. “ಅಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು, ಅಲ್ವಾ ಅತ್ತೆ?” ಎಂದು ನನ್ನನ್ನು ಕೇಳಿದ. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ನಮ್ಮಮ್ಮ, ಎಂಬತ್ತು ದಾಟಿದವರು, ಕನ್ನಡಕ ಸರಿಮಾಡಿಕೊಂಡು, “ಅಯ್ಯೋ, ಮರಿಗಳನ್ನ ಬಿಸಿಲಿಗೆ ಬಿಟ್ಟು ಎಲ್ಲಿಗೆ ಹೋಯ್ತೋ ಅದು?” ಎಂದರು.

ಯಾರೂ ಉತ್ತರ ಕೊಡಲಿಲ್ಲ. ನಾನು ಹುಡುಗನಿಗೆ “ಚೆನ್ನಾಗಿದೆ ಕಣೋ” ಎಂದೆ. ಅಷ್ಟು ಹೇಳಿ ಮನೆಗೆ ಬಂದೆ. ಮೂವತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆಗೆ ಅಂಕ ಹಾಕುತ್ತ ಬಂದವಳು ನಾನು. ತಪ್ಪು ಉತ್ತರಕ್ಕೆ ‘ಚೆನ್ನಾಗಿದೆ’ ಎಂದು ಬರೆದು ಬಂದೆನಲ್ಲ ಎಂಬ ಕಸಿವಿಸಿ ಆ ರಾತ್ರಿಯಿಡೀ ಬಿಡಲಿಲ್ಲ. ಒಂದು ಕಥೆಯನ್ನೋ ಸಿನಿಮಾವನ್ನೋ ವಿಮರ್ಶೆ ಮಾಡುವ ಹಾಗೆ ಈ ಎಂಟು ಸೆಕೆಂಡನ್ನೂ ಕೂತು ನೋಡಬಾರದೇಕೆ ಅನ್ನಿಸಿತು. ಅದೇ ಈ ಬರಹ.

ಮೊದಲು ಇದು ಹೇಗೆ ನಡೆಯುತ್ತದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಈಚೆಗೆ ಎಲ್ಲರ ಬಾಯಲ್ಲೂ ಇರುವ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಲೆಕ್ಕವಿಲ್ಲದಷ್ಟು ವಿಡಿಯೊಗಳನ್ನು ನೋಡಿ ಒಂದು ಚಿತ್ರದ ಮುಂದೆ ಎಂಥ ಚಿತ್ರ ಬರುವುದು ವಾಡಿಕೆ ಎಂಬುದನ್ನು ಕಲಿತಿರುತ್ತದೆ. ನಾವು ಒಂದು ಫೋಟೊ ಕೊಟ್ಟು ‘ಹಕ್ಕಿ ಹಾರಲಿ’ ಎಂದು ನಾಲ್ಕು ಮಾತು ಬರೆದರೆ ಸಾಕು, ಮುಂದಿನ ಚಿತ್ರಗಳನ್ನೆಲ್ಲ ತಾನೇ ಊಹಿಸಿ ಕಟ್ಟುತ್ತದೆ. ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಪಕ್ಕದ ಮನೆಯಾಕೆ ಅಂಗಳದಲ್ಲಿ ಚುಕ್ಕಿ ಇಟ್ಟು ಒಂದು ಎಳೆ ಎಳೆದರೆ ಸಾಕು, ಸಾವಿರ ರಂಗೋಲಿ ನೋಡಿದ ಕಣ್ಣಿಗೆ ಮುಂದಿನದು ತಾನಾಗಿ ಕಾಣುತ್ತದೆ. ಆದರೆ ನಾವು ಊಹಿಸಿದ್ದು ತಾವರೆ, ಆಕೆ ಬಿಡಿಸಲು ಹೊರಟದ್ದು ತೇರು ಆಗಿರಬಹುದು. ವಾಡಿಕೆ ಬೇರೆ, ಆಕೆಯ ಮನಸ್ಸಿನಲ್ಲಿದ್ದದ್ದು ಬೇರೆ.

2021ರ ಫೆಬ್ರವರಿಯಲ್ಲಿ ಮೈಹೆರಿಟೇಜ್ ಎಂಬ ಕಂಪನಿ ‘ಡೀಪ್ ನೊಸ್ಟಾಲ್ಜಿಯಾ’ ಎಂಬುದನ್ನು ತಂದಾಗ, ಜನ ತಮ್ಮ ತೀರಿಹೋದ ಅಜ್ಜ ಅಜ್ಜಿಯರ ಫೋಟೊಗಳು ಕಣ್ಣು ಮಿಟುಕಿಸಿ ನಗುವುದನ್ನು ನೋಡಿ ಅತ್ತರು, ಬೆರಗಾದರು. 2025ರ ಜುಲೈಯಲ್ಲಿ ಗೂಗಲ್ ತನ್ನ ಜೆಮಿನಿಯಲ್ಲಿ ಒಂದು ಫೋಟೊದಿಂದ ಎಂಟು ಸೆಕೆಂಡಿನ, ಶಬ್ದವೂ ಇರುವ ವಿಡಿಯೊ ಮಾಡಿಕೊಳ್ಳುವ ಸೌಲಭ್ಯ ಕೊಟ್ಟಿತು. ಇಂಥವು ಈಗ ಹಲವಾರಿವೆ. ನಮ್ಮ ಹುಡುಗ ಬಳಸಿದ್ದು ಅಂಥದರಲ್ಲಿ ಯಾವುದೋ ಒಂದು.

ಇನ್ನೊಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಗಣಿತದ ಟೀಚರು ಅಲ್ಲದಿದ್ದರೂ ಇಷ್ಟು ಬರುತ್ತದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಆ ಲೆಕ್ಕದಲ್ಲಿ ಎಂಟು ಸೆಕೆಂಡಿಗೆ 192 ಚಿತ್ರ. ಅದರಲ್ಲಿ ಅಣ್ಣ ಕಣ್ಣಾರೆ ಕಂಡು ತೆಗೆದದ್ದು ಒಂದು. ಉಳಿದ 191 ಯಂತ್ರದ ಊಹೆ. ಒಂದು ಹಿಡಿ ಅಕ್ಕಿಗೆ ನೂರ ತೊಂಬತ್ತೊಂದು ಹಿಡಿ ಬೇರೇನನ್ನೋ ಬೆರೆಸಿ, ‘ಇದು ನಮ್ಮ ಗದ್ದೆಯ ಅಕ್ಕಿ’ ಎಂದು ಬಡಿಸಿದರೆ ನಾವು ಸುಮ್ಮನಿರುತ್ತೇವೆಯೆ?

ಈಗ ಕೊಕ್ಕರೆಯ ವಿಷಯಕ್ಕೆ ಬರೋಣ. ಟಿ.ವಿ.ಯಲ್ಲಿ ಅದು ಕೂಗಿತೆಂದೆನಲ್ಲ, ಬೆಳೆದ ಬಣ್ಣದ ಕೊಕ್ಕರೆಗೆ ಕೂಗೇ ಇಲ್ಲ ಎನ್ನಬೇಕು. ಗೂಡಿನ ಹತ್ತಿರ ಕೊಕ್ಕಿನ ಎರಡು ದಳಗಳನ್ನು ಕಟಕಟನೆ ಬಡಿಯುತ್ತದೆ, ಆಗೀಗ ಸಣ್ಣಗೆ ನರಳಿದಂಥ ದನಿ ಮಾಡುತ್ತದೆ, ಅಷ್ಟೆ. ಗಲಾಟೆಯೆಲ್ಲ ಹಸಿದ ಮರಿಗಳದು. ದೇವರು ಅದಕ್ಕೆ ಬಣ್ಣ ಕೊಟ್ಟ, ಕಂಠ ಕೊಡಲಿಲ್ಲ. ಯಂತ್ರಕ್ಕೆ ಅದು ಕೊರತೆಯಾಗಿ ಕಂಡಿರಬೇಕು. ಕೋಗಿಲೆಗೂ ಕೊಳಲಿಗೂ ನಡುವಿನ ಒಂದು ದನಿಯನ್ನು ಜೋಡಿಸಿಬಿಟ್ಟಿತು. ಇನ್ನು ಹಾರಿದ್ದು. ಕೊಕ್ಕರೆ ಜಾತಿಯವು ಕತ್ತನ್ನು ಮುಂದಕ್ಕೆ ನೀಳವಾಗಿ ಚಾಚಿ, ಕಾಲುಗಳನ್ನು ಹಿಂದಕ್ಕೆ ಇಳಿಬಿಟ್ಟು ಹಾರುತ್ತವೆ. ಬೆಳ್ಳಕ್ಕಿಗಳು ಕತ್ತನ್ನು ಮಡಚಿಕೊಂಡು ಹಾರುತ್ತವೆ. ದೂರದಲ್ಲಿ ಹಾರುವ ಹಕ್ಕಿ ಕೊಕ್ಕರೆಯೋ ಬೆಳ್ಳಕ್ಕಿಯೋ ಎಂದು ತಿಳಿಯುವುದೇ ಹಾಗೆ. ಅಣ್ಣ ನನಗೆ ಕಲಿಸಿದ ಮೊದಲ ಪಾಠ ಅದು. ಟಿ.ವಿ.ಯ ಕೊಕ್ಕರೆ ಕತ್ತು ಮಡಚಿಕೊಂಡು, ಪಾರಿವಾಳದ ಹಾಗೆ ಗಡಿಬಿಡಿಯಲ್ಲಿ ರೆಕ್ಕೆ ಬಡಿಯಿತು. ಮೈ ಕೊಕ್ಕರೆಯದು, ಕತ್ತು ಬೆಳ್ಳಕ್ಕಿಯದು, ಅವಸರ ಪಾರಿವಾಳದ್ದು, ಕಂಠ ಯಾರದೋ.

ಆ ದಿನದ ಮೇಲೆ ಇಂಥವನ್ನು ನಾನು ಹುಡುಕಿ ಹುಡುಕಿ ನೋಡಿದೆ. ನವಿಲೊಂದು ಗರಿಗೆದರುವುದು ಚೆನ್ನಾಗಿಯೇ ಇತ್ತು. ತಪ್ಪು ಹುಡುಕಿದರೂ ಸಿಗಲಿಲ್ಲ. ಗೂಬೆಯೊಂದು ಕತ್ತನ್ನು ಪೂರ್ತಿ ಒಂದು ಸುತ್ತು ತಿರುಗಿಸಿತು. ಪಾಪ, ಅದು ತಿರುಗಿಸಬಲ್ಲುದು ಹೆಚ್ಚೆಂದರೆ 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು. ಹೆಣ್ಣು ಗೀಜಗವೊಂದು ಕೂತು ಗೂಡು ಹೆಣೆಯುತ್ತಿತ್ತು. ಗೀಜಗದಲ್ಲಿ ಮನೆ ಕಟ್ಟುವವನು ಗಂಡು. ಹೆಣ್ಣು ಬಂದು ಪರೀಕ್ಷೆ ಮಾಡಿ, ಒಪ್ಪಿಗೆಯಾದರೆ ಸಂಸಾರ ಹೂಡುತ್ತದೆ. ಹೆಂಗಸೆಂದರೆ ಮನೆಗೆಲಸ ಎಂಬ ಭಾವನೆ ಯಂತ್ರಕ್ಕೂ ತಗುಲಿತೇ ಎಂದು ನಗು ಬಂತು. ಸೂರಕ್ಕಿಯೊಂದು ದಾಸವಾಳದ ಮುಂದೆ ಗಾಳಿಯಲ್ಲೇ ನಿಂತು ಜೇನು ಹೀರುತ್ತಿತ್ತು. ನಮ್ಮ ಸೂರಕ್ಕಿ ಕ್ಷಣಹೊತ್ತು ಹಾಗೆ ನಿಲ್ಲುವುದುಂಟು. ಆದರೆ ಹೆಚ್ಚಾಗಿ ಟೊಂಗೆಯನ್ನೋ ತೊಟ್ಟನ್ನೋ ಹಿಡಿದು, ಬೇಕಾದರೆ ತಲೆಕೆಳಗಾಗಿ ಜೋತು, ಹೂವಿಗೆ ಬಾಯಿ ಹಾಕುತ್ತದೆ. ಗಾಳಿಯಲ್ಲಿ ನಿಂತೇ ಊಟ ಮಾಡುವ ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ, ನಮ್ಮ ದೇಶದಲ್ಲಿಲ್ಲ. ಅವುಗಳ ವಿಡಿಯೊಗಳನ್ನೇ ಯಂತ್ರ ಹೆಚ್ಚು ನೋಡಿರಬೇಕು. ನಮ್ಮ ಹಿತ್ತಿಲ ಹಕ್ಕಿಗೆ ಪರದೇಶದ ನಡತೆ ಕಲಿಸಿ ಕಳಿಸಿದೆ.

ಇದರಿಂದ ಯಾರಿಗೆ ನಷ್ಟ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರಾಜೆಕ್ಟ್ ಪುಸ್ತಕದಲ್ಲಿ, ‘ಸೂರಕ್ಕಿಯು ಎಲ್ಲಿಯೂ ಕೂರದೆ ಗಾಳಿಯಲ್ಲಿಯೇ ನಿಂತು ಮಕರಂದ ಹೀರುತ್ತದೆ’ ಎಂದು ಬರೆದಿದ್ದಳು. “ನೀನು ನೋಡಿದ್ಯೇನೇ?” ಎಂದೆ. “ಹೂಂ ಮಿಸ್, ಮೊಬೈಲಲ್ಲಿ ನೋಡಿದೀನಿ” ಎಂದಳು. ಅವಳ ಮನೆಯ ಮುಂದೆಯೇ ದಾಸವಾಳದ ಗಿಡವಿದೆ. ಬೆಳಗಾದರೆ ಸೂರಕ್ಕಿ ಬರುತ್ತದೆ. ಅವಳು ಸುಳ್ಳು ಹೇಳಲಿಲ್ಲ. ನೋಡಿದ್ದನ್ನೇ ಬರೆದಳು. ಅಂಗಳದ ಹಕ್ಕಿಗಿಂತ ಅಂಗೈಯ ಹಕ್ಕಿ ಹೆಚ್ಚು ನಿಜವಾಗಿ ಕಂಡಿತು, ಅಷ್ಟೆ. ನಷ್ಟ ಯಾರಿಗೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಏನು ಹೇಳಲಿ?

ಹಾಗೆಂದು ಸ್ಥಿರಚಿತ್ರವನ್ನು ಚಲಿಸುವಂತೆ ಮಾಡುವುದೇ ತಪ್ಪೆಂದು ನನ್ನ ವಾದವಲ್ಲ. ಆ ಆಸೆ ಬಹಳ ಹಳೆಯದು, ದೊಡ್ಡವರದು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಹಿಡಿದ. ಅದಾದ ನಾಲ್ಕು ವರ್ಷಕ್ಕೆ, 1882ರಲ್ಲಿ, ಫ್ರಾನ್ಸಿನ ಎತಿಯೆನ್ ಜೂಲ್ ಮರೇ ಎಂಬ ಶರೀರಶಾಸ್ತ್ರಜ್ಞ ಹಕ್ಕಿಗಳ ಹಾರಾಟವನ್ನು ತಿಳಿಯಲೆಂದೇ ಒಂದು ಬಂದೂಕು ಮಾಡಿದ. ಅದರಲ್ಲಿ ಗುಂಡಿಲ್ಲ, ಕುದುರೆ ಒತ್ತಿದರೆ ಸೆಕೆಂಡಿಗೆ 12 ಫೋಟೊ ಬರುತ್ತಿದ್ದವು. ಹಕ್ಕಿಯತ್ತ ಬಂದೂಕು ಎತ್ತಿ ಹಕ್ಕಿಗೆ ಏನೂ ಮಾಡದೆ ಬಂದ ಆ ಪುಣ್ಯಾತ್ಮನನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಅವನ ಹನ್ನೆರಡು ಚಿತ್ರಗಳೂ ಹಕ್ಕಿಯೇ ಕೊಟ್ಟವು. ಹಕ್ಕಿ ರೆಕ್ಕೆಯನ್ನು ಹೇಗೆ ಆಡಿಸುತ್ತದೆ ಎಂದು ಅವನು ಹಕ್ಕಿಯನ್ನು ಕೇಳಿದ. ನಮ್ಮ ಯಂತ್ರ ಹಕ್ಕಿಯನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳುತ್ತದೆ.

ಕೈಯಲ್ಲಿ ಬರೆದ ಕಾರ್ಟೂನಿನ ಹಕ್ಕಿಗಳ ಬಗ್ಗೆಯೂ ನನಗೆ ತಕರಾರಿಲ್ಲ. ಚಿಕ್ಕಂದಿನಲ್ಲಿ ನಮ್ಮೂರಿಗೆ ತೊಗಲುಬೊಂಬೆಯವರು ಬರುತ್ತಿದ್ದರು. ಪರದೆಯ ಹಿಂದೆ ದೀಪ ಇಟ್ಟು ಜಟಾಯುವನ್ನು ಹಾರಿಸುತ್ತಿದ್ದರು. ರಾವಣ ರೆಕ್ಕೆ ಕತ್ತರಿಸಿದಾಗ ನಾವೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಿದ್ದೆವು. ಆದರೆ ಅದು ತೊಗಲು ಎಂಬುದು ಆಡಿಸುವವನಿಗೂ ಗೊತ್ತು, ಅಳುವ ನಮಗೂ ಗೊತ್ತು. ಬೆಳಗಾದ ಮೇಲೆ ಯಾವ ಮಗುವೂ ಹದ್ದು ಹೀಗೇ ಹಾರುತ್ತದೆಂದು ವಾದಿಸುತ್ತಿರಲಿಲ್ಲ. ಕಲೆ ‘ನಾನು ಬೊಂಬೆ’ ಎಂದು ಮೊದಲೇ ಹೇಳಿ ಆಮೇಲೆ ನಮ್ಮನ್ನು ಅಳಿಸುತ್ತದೆ. ಫೋಟೊದಿಂದ ಹುಟ್ಟಿದ ಈ ವಿಡಿಯೊ ಫೋಟೊದ ನಂಬಿಕೆಯನ್ನು ಕಡ ತಂದು, ತೊಗಲುಬೊಂಬೆಯ ಆಟ ಆಡುತ್ತದೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಕೆಲವು ಕಂಪನಿಗಳು ಇಂಥ ವಿಡಿಯೊದ ಮೂಲೆಯಲ್ಲಿ ಗುರುತು ಹಾಕುತ್ತವೆ, ಕಣ್ಣಿಗೆ ಕಾಣದ ಗುರುತನ್ನೂ ಸೇರಿಸುತ್ತವೆ. ಒಳ್ಳೆಯದೇ. ಆದರೆ ಕೈಯಿಂದ ಕೈಗೆ ದಾಟುವಾಗ ಮೂಲೆ ಕತ್ತರಿಸಿಹೋಗುತ್ತದೆ. ಕಾಣದ ಗುರುತು ನಮ್ಮಮ್ಮನಿಗೆ ಹೇಗೆ ಕಾಣಬೇಕು?

ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಕಾವೇರಿಯ ನಡುವಿನ ರಂಗನತಿಟ್ಟಿಗೆ ಶಾಲಾಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ದೋಣಿಯಲ್ಲಿ ಕೂತ ದೊಡ್ಡವರೇ ಹಕ್ಕಿ ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟುವುದನ್ನು, ಹೋ ಎಂದು ಕೂಗುವುದನ್ನು ಕಣ್ಣಾರೆ ಕಂಡಿದ್ದೇನೆ. ಗೂಡಿನ ಮೇಲೆ ಕೂತ ಹಕ್ಕಿ ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಕಾಗೆ ಕಾದೇ ಇರುತ್ತದೆ. ಅಂಥವರು ಕೂತ ಹಕ್ಕಿಯ ಫೋಟೊ ತೆಗೆದುಕೊಂಡು ಮನೆಗೆ ಹೋಗಿ, ಯಂತ್ರದಲ್ಲಿ ಬೇಕಾದಷ್ಟು ಹಾರಿಸಿಕೊಳ್ಳಲಿ, ಹಕ್ಕಿಗೆ ನೆಮ್ಮದಿ. ಹಾಸಿಗೆ ಹಿಡಿದವರಿಗೆ, ಊರು ಬಿಟ್ಟು ಫ್ಲಾಟಿನ ಹತ್ತನೇ ಮಹಡಿಯಲ್ಲಿ ಮೊಮ್ಮಕ್ಕಳನ್ನು ಕಾಯುವ ಅಜ್ಜಿಯರಿಗೆ, ಇದರಿಂದ ಒಂದು ಗಳಿಗೆ ಮನಸ್ಸು ಹಗುರಾದರೆ ಅದೂ ಸಣ್ಣದಲ್ಲ. ಆಟವನ್ನು ಆಟವೆಂದು ಆಡಲು ನನ್ನ ಅಡ್ಡಿಯಿಲ್ಲ.

ಆದರೆ ಅಣ್ಣನ ಫೋಟೊ? ಅದನ್ನು ನಾನು ಆಟವೆಂದು ಬಿಡಲಾರದೆ ಹೋದೆ.

ತಿಂಗಳು ಕಳೆದ ಮೇಲೆ ಅಣ್ಣನ ಮನೆಯಲ್ಲಿ ಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಪಟಗಳನ್ನೆಲ್ಲ ಇಳಿಸಿ ಮಂಚದ ಮೇಲಿಟ್ಟಿದ್ದರು. ಅತ್ತಿಗೆಗೆ ಸಹಾಯವಾಗಲೆಂದು ನಾನು ಗಾಜು ಒರೆಸುತ್ತ ಕೂತೆ. ಕೊಕ್ಕರೆಯ ಫೋಟೊದ ಹಿಂದಿನ ರಟ್ಟು ಗೆದ್ದಲು ಹಿಡಿದು ಕಳಚಿಬಂದಿತ್ತು. ಫೋಟೊದ ಬೆನ್ನಿಗೆ ಅಣ್ಣನ ಗುಮಾಸ್ತನ ಅಕ್ಷರ, ಲೆಡ್ಜರಿನಲ್ಲಿ ಬರೆದಷ್ಟು ದುಂಡಗೆ: ‘ಮಾರ್ಚ್ 1996. ಮಧ್ಯಾಹ್ನ 12-40. ಮೂರು ಮರಿ. ಒಂದೂವರೆ ಗಂಟೆ ಹೀಗೇ ನಿಂತಿತ್ತು. ರೀಲಿನಲ್ಲಿ ಉಳಿದದ್ದು ಇದೊಂದೇ.’

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆ ಫೋಟೊದಲ್ಲಿ ಹಕ್ಕಿ ಅಲುಗದೆ ಇರುವುದು ಕ್ಯಾಮೆರಾದ ದೋಷದಿಂದಲ್ಲ. ಅದು ನಿಜಕ್ಕೂ ಅಲುಗದೆ ನಿಂತಿತ್ತು! ಕೊಕ್ಕರೆಯ ಮರಿಗಳು ಮೊದಮೊದಲು ಬಿಸಿಲು ತಾಳಲಾರವು. ಆಗ ದೊಡ್ಡ ಹಕ್ಕಿ ಸೂರ್ಯನಿಗೆ ಬೆನ್ನು ಮಾಡಿ, ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ, ತನ್ನ ನೆರಳನ್ನು ಮರಿಗಳ ಮೇಲೆ ಹಾಸುತ್ತದೆ. ನಿಲ್ಲುವುದೇ ಅದರ ಕೆಲಸ. ನಿಂತ ಹಕ್ಕಿಯನ್ನು ಅಣ್ಣನೂ ನಿಂತೇ ನೋಡಿದ. ಒಂದೂವರೆ ಗಂಟೆಯ ನಿಲುವು ಒಂದು ಚೌಕದೊಳಗೆ ಬಂದಿತ್ತು. ಯಂತ್ರಕ್ಕೆ ನಾವು ಫೋಟೊದ ಮುಂಭಾಗವನ್ನಷ್ಟೇ ಕೊಟ್ಟೆವು. ಅದಕ್ಕೆ ರೆಕ್ಕೆ ಬಿಚ್ಚಿರುವುದು ಕಂಡಿತು, ರೆಕ್ಕೆ ಬಿಚ್ಚಿದರೆ ಹಾರುವುದು ವಾಡಿಕೆ, ಹಾರಿಸಿತು. ನಮ್ಮಮ್ಮ ಆರು ಮಕ್ಕಳನ್ನು ಹೆತ್ತವರು. ಅವರು ಹಕ್ಕಿಯನ್ನು ನೋಡಲಿಲ್ಲ, ಮರಿಗಳನ್ನು ನೋಡಿದರು. ನಾನು ಇಷ್ಟು ಪುಟ ಬರೆದು ಹೇಳುತ್ತಿರುವುದನ್ನು ಅವರು ಅಂದೇ ಒಂದು ಮಾತಿನಲ್ಲಿ ಹೇಳಿದ್ದರು.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೊ ತೆಗೆದದ್ದು, ‘ಹಕ್ಕಿ ಪುಕ್ಕ’ ಬರೆದದ್ದು ನಿಮಗೆ ಗೊತ್ತೇ ಇದೆ. ಅಣ್ಣನಿಗೆ ಆ ಪುಸ್ತಕವೆಂದರೆ ಪ್ರಾಣ. ಹಕ್ಕಿಯ ಫೋಟೊದಲ್ಲಿ ಹಕ್ಕಿಯ ಜೊತೆಗೆ ಇನ್ನೊಂದು ವಸ್ತುವೂ ಇರುತ್ತದೆ. ಅದು ತೆಗೆದವರ ಕಾಯುವಿಕೆ. ನನ್ನ ದೃಷ್ಟಿಯಲ್ಲಿ ಆ ಎಂಟು ಸೆಕೆಂಡಿನ ದೊಡ್ಡ ದೋಷ ಕತ್ತು ಮಡಚಿದ್ದಲ್ಲ, ಕಂಠ ಜೋಡಿಸಿದ್ದಲ್ಲ. ಕಾದದ್ದನ್ನು ಅಳಿಸಿದ್ದು.

ಹುಡುಗ ದಸರಾ ರಜಕ್ಕೆ ಬಂದಾಗ ಹೇಳಲೋ ಬೇಡವೋ ಎಂದು ಬಹಳ ತೂಗಿ ನೋಡಿದೆ. ತಂದೆಯನ್ನು ಕಳೆದುಕೊಂಡ ಮಗ, ತನಗೆ ತಿಳಿದ ವಿದ್ಯೆಯಲ್ಲಿ ತಂದೆಗೆ ಒಂದು ಕಾಣಿಕೆ ಕೊಟ್ಟಿದ್ದಾನೆ. ಅದರ ಮೇಲೆ ಕೆಂಪು ಶಾಯಿ ಆಡಿಸಲು ನಾನು ಯಾರು? ಕೊನೆಗೆ ಮಾತು ಸುತ್ತಿಸಿ, “ಅಪ್ಪನ ಫೋಟೊಗೇ ಯಾಕೆ ಹಾಗೆ ಮಾಡಲಿಲ್ಲ ನೀನು?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಡೋಕೆ ಕೂತಿದ್ದೆ ಅತ್ತೆ. ಮನಸ್ಸು ಬರಲಿಲ್ಲ. ಅಪ್ಪ ನಗೋದು ಬೇರೆ ಥರ. ಅದು ಬೇರೆ ಯಾರದೋ ನಗು ಹಾಕಿಬಿಟ್ರೆ, ಆಮೇಲೆ ನಂಗೆ ಅದೇ ನೆನಪಿಗೆ ಬಂದ್ಬಿಟ್ರೆ ಅಂತ ಭಯ ಆಯ್ತು” ಎಂದ.

ನಾನು ಏನೂ ಮಾತಾಡದೆ ಗೋಡೆಯಿಂದ ಪಟ ಇಳಿಸಿ, ರಟ್ಟು ಸರಿಸಿ, ಅಣ್ಣನ ಅಕ್ಷರ ತೋರಿಸಿದೆ. ಅವನು ಎರಡು ಸಲ ಓದಿದ. ಬುದ್ಧಿವಂತ ಹುಡುಗ, ನಾನು ವಿವರಿಸಬೇಕಾಗಲಿಲ್ಲ. “ಕೊಕ್ಕರೆಗೂ ಅದರದ್ದೇ ಒಂದು ನಗು ಇರುತ್ತೆ ಅಂತೀರಿ” ಎಂದ. ಕಣ್ಣು ತುಂಬಿತ್ತು.

ಆ ವಿಡಿಯೊವನ್ನು ಅವನು ಅಳಿಸಲಿಲ್ಲ. ಅಳಿಸೆಂದು ನಾನೂ ಹೇಳಲಿಲ್ಲ. ಅತ್ತಿಗೆ ಆಗಾಗ ನೋಡುತ್ತಾರೆ. ಅವರಿಗೆ ಅದು ಬೇಕು. ಆದರೆ ಅದರ ಮೊದಲಿಗೆ ಅವನು ಒಂದು ಸಾಲು ಸೇರಿಸಿದ್ದಾನೆ: ‘ಫೋಟೊ ಅಪ್ಪನದು. ಹಾರಾಟ ನನ್ನ ಕಲ್ಪನೆ.’ ನಮ್ಮ ಶಾಲೆಯ ಮಕ್ಕಳಿಗೂ ನಾನು ಈಗ ಇಷ್ಟನ್ನೇ ಹೇಳುತ್ತೇನೆ. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಯಾವುದು ಕಂಡದ್ದು, ಯಾವುದು ಕಟ್ಟಿದ್ದು ಎಂದು ಕೆಳಗೆ ಬರೆಯಿರಿ. ಮಾಡುವ ಮುಂಚೆ ಆ ಹಕ್ಕಿಯನ್ನು ಒಂದು ಸಲ ಹೋಗಿ ನೋಡಿ. ಆ ಹುಡುಗಿ ಮರುವಾರ ಬಂದು, “ಮಿಸ್, ಸೂರಕ್ಕಿ ತೊಟ್ಟು ಹಿಡ್ಕೊಂಡು ಜೋತಾಡ್ತದೆ” ಎಂದಳು. ಪುಸ್ತಕದಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದಿದ್ದಳು. ನಾನು ಪೂರ್ತಿ ಅಂಕ ಕೊಟ್ಟೆ.

ಮುಂದಿನ ಮಾರ್ಚಿನಲ್ಲಿ ಒಂದು ಭಾನುವಾರ ಹುಡುಗನೂ ನಾನೂ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಹೆಜ್ಜಾರ್ಲೆಗಳೇ ಹೆಚ್ಚಾಗಿದ್ದವು. ಹುಡುಕಿದ ಮೇಲೆ ಒಂದು ಮರದ ತುದಿಯಲ್ಲಿ ಬಣ್ಣದ ಕೊಕ್ಕರೆ ಸಿಕ್ಕಿತು. ರೆಕ್ಕೆ ಬಿಚ್ಚಿ ನಿಂತಿತ್ತು. ಮರಿಗಳ ದನಿಯಷ್ಟೇ ಕೇಳುತ್ತಿತ್ತು. ನಾವು ಒಂದು ಜಗಲಿಯ ನೆರಳಲ್ಲಿ ಕೂತೆವು. ಮನೆಯಾಕೆ ಕೇಳದೆಯೇ ನೀರು ತಂದುಕೊಟ್ಟರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಏನೂ ನಡೆಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಹಕ್ಕಿ ಒಂದು ಕಾಲನ್ನು ಎತ್ತಿ, ಬಿಸಿಲು ಸರಿದ ಕಡೆಗೆ ಒಂದಿಷ್ಟೇ ಇಷ್ಟು ತಿರುಗಿ ನಿಂತಿತು.

“ಇದು ತಾಯಿನಾ ಅತ್ತೆ?” ಎಂದು ಮೆಲ್ಲಗೆ ಕೇಳಿದ.

“ನೋಡಿದ್ರೆ ಗೊತ್ತಾಗಲ್ಲ ಕಣೋ. ಗಂಡು ಹೆಣ್ಣು ಎರಡೂ ಒಂದೇ ಥರ ಇರ್ತವೆ. ಸರದಿ ಮೇಲೆ ನಿಲ್ತವೆ. ತಂದೆನೂ ಇರಬಹುದು” ಎಂದೆ.

ಅವನು ಮೊಬೈಲನ್ನು ಜೇಬಿನಿಂದ ತೆಗೆದವನು ಹಾಗೇ ಮತ್ತೆ ಜೇಬಿಗೆ ಹಾಕಿಕೊಂಡ. ಬಸ್ಸಿನ ಹೊತ್ತಾದರೂ ಏಳಲಿಲ್ಲ. ನಾನೂ ಏಳಿಸಲಿಲ್ಲ.